ರೈಫಲ್ ತೋಟೆಗಳ ಹೆಸರೂ ಪ್ರಸಿದ್ಧಿಯೂ

ಪಾಠ ಹೇಳುತ್ತಿದ್ದಾಗ ನಡೆದ ಒಂದು ಸಣ್ಣ ಸಂಗತಿಯು ಈ ಲೇಖನಕ್ಕೆ ಕಾರಣವಾಯಿತು. ಕೆನೆತ್ ಆಂಡರ್ಸನ್ನರ ಬೇಟೆಯ ಕಥೆಗಳನ್ನೂ ಜಿಮ್ ಕಾರ್ಬೆಟ್ಟರ ಗ್ರಂಥಗಳನ್ನೂ ಓದಿಕೊಂಡು ಬಂದಿದ್ದ ವಿದ್ಯಾರ್ಥಿಯೊಬ್ಬನು, ಆಂಡರ್ಸನ್ನರ ಕೋವಿಗೆ .೪೦೫ ಎಂದೂ ಕಾರ್ಬೆಟ್ಟರ ಕೋವಿಗೆ .೨೭೫ ಎಂದೂ ಹೆಸರಿರುವುದಷ್ಟೆ, ಈ ಅಂಕೆಗಳ ಅರ್ಥವೇನು, ಇಬ್ಬರೂ ಒಂದೇ ಬಗೆಯ ಕೋವಿಯನ್ನು ಏಕೆ ಹಿಡಿಯಲಿಲ್ಲ ಎಂದು ಕೇಳಿದನು. ಅಂಕೆ ದೊಡ್ಡದಾದಷ್ಟೂ ಬಲವು ಹೆಚ್ಚು, ಬಲವು ಹೆಚ್ಚಾದುದನ್ನು ಜನರು ಹೆಚ್ಚಾಗಿ ಮೆಚ್ಚುವರು ಎಂದು ನಾನು ಕೂಡಲೇ ಉತ್ತರ ಕೊಟ್ಟೆನು. ಹುಡುಗನು ತೃಪ್ತನಾಗಿ ಕುಳಿತನು. ಮನೆಗೆ ಬಂದ ಮೇಲೆ ನನಗೆ ತೃಪ್ತಿಯಾಗಲಿಲ್ಲ. ಜನ್ಮದಲ್ಲಿ ಗುಬ್ಬಿಯ ಮೇಲೆ ಕಲ್ಲೆಸೆದವನೂ ಅಲ್ಲದ ನಾನು ಈ ವಿಷಯವಾಗಿ ಗ್ರಂಥಗಳನ್ನು ತೆಗೆದು ನೋಡಲಾಗಿ, ನಾನು ಹೇಳಿದ ಎರಡು ಮಾತುಗಳಲ್ಲಿ ಎರಡೂ ತಪ್ಪೆಂದು ತಿಳಿದುಬಂದಿತು. ಆ ತಪ್ಪನ್ನು ತರಗತಿಯಲ್ಲಿ ಒಪ್ಪಿಕೊಂಡುದಾಯಿತು. ಬೇಟೆಯ ಸಾಹಿತ್ಯವನ್ನು ಪಾಠ ಹೇಳುವ ಇತರರಿಗೂ ಉಪಯೋಗವಾಗಬಹುದೆಂದು ಅದರ ವಿವರಗಳನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಶಬ್ದವಿಚಾರ. ತೋಟೆ ಅಥವಾ ತೋಟಾ ಎಂಬ ಮಾತು ತೆಲುಗಿನಲ್ಲಿ ತೂಟಾ ಎಂದೂ ತಮಿಳಿನಲ್ಲಿ ತೋಟ್ಟಾ ಎಂದೂ ಇರುವುದು. ಹಿಂದೀಭಾಷೆಯವರ ಕಾರ್ತೂಸ್ ಎಂಬುದು ಐರೋಪ್ಯ ಭಾಷೆಗಳಿಂದ ಬಂದುದು. ಹಿತ್ತಾಳೆಯ ಕೋಶವೊಂದರಲ್ಲಿ ಕಿಡಿ ಹುಟ್ಟಿಸುವ ಕೇಪು, ಮದ್ದು, ಗುಂಡು ಈ ಮೂರನ್ನೂ ಒಟ್ಟಾಗಿ ಅಡಗಿಸಿದರೆ ಅದು ತೋಟೆ. ಮಲೆನಾಡಿನ ಜನರು ಕೇಪಿನ ಕೋವಿಯೆಂದೂ ತೋಟಾಕೋವಿಯೆಂದೂ ಮಾಡಿರುವ ಭೇದವು ಶಾಸ್ತ್ರೀಯವಾಗಿಯೇ ಇದೆ. ಮೊದಲನೆಯದರಲ್ಲಿ ಮದ್ದನ್ನೂ ಗುಂಡನ್ನೂ ಬಾಯಿಂದ ತುಂಬಿ ಗಜದಿಂದ ಜಡಿಯಬೇಕು. ಎರಡನೆಯದರಲ್ಲಿ ಎಲ್ಲವೂ ಸಿದ್ಧವಾಗಿ ಹಿಂದಿನಿಂದ ಒಳಹೋಗುವುದು. ಕೇಪಿನ ಕೋವಿಯವನು ತನ್ನ ಮದ್ದನ್ನು ತಾನೇ ಅಳೆಯುತ್ತಿದ್ದನು, ಗುಂಡನ್ನು ತಾನೇ ಎರೆಯುತ್ತಿದ್ದನು. ತೋಟಾಕೋವಿಯವನು ತೋಟೆಗಾಗಿ ಅಂಗಡಿಯನ್ನೂ, ಅಂಗಡಿಯವನು ಕಾರ್ಖಾನೆಯನ್ನೂ, ಅವರೆಲ್ಲರೂ ಸರ್ಕಾರದ ಅಪ್ಪಣೆಯನ್ನೂ ಕಾಯಬೇಕಾಯಿತು. ಮುಂದೆ ಹೇಳುವುದಕ್ಕೆಲ್ಲ ಇದೇ ಬೀಜ.

ಇನ್ನು ಹೆಸರುಗಳು. ನಮ್ಮ ವ್ಯಾಕರಣದಲ್ಲಿ ನಾಮಪದಗಳನ್ನು ರೂಢ, ಅನ್ವರ್ಥ, ಅಂಕಿತ ಎಂದು ವಿಂಗಡಿಸುವುದನ್ನು ವಾಚಕರು ಬಲ್ಲರು. ತೋಟೆಗಳ ಹೆಸರುಗಳನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಿದರೆ ವಿನೋದವಾಗಿದೆ. ಹನ್ನೆರಡರ ಕೋವಿ ಎಂಬುದು ಶುದ್ಧ ಅನ್ವರ್ಥ. ಒಂದು ಪೌಂಡು ಸೀಸದಿಂದ ಸಮನಾದ ೧೨ ಗುಂಡುಗಳನ್ನು ಮಾಡಿದರೆ ಅವುಗಳಲ್ಲೊಂದು ಹಿಡಿಸುವಷ್ಟು ಅಗಲದ ನಳಿಕೆಯುಳ್ಳದ್ದು ಎಂದರ್ಥ. ಆದಕಾರಣ ಇಲ್ಲಿ ಅಂಕೆ ಕಿರಿದಾದಷ್ಟೂ ಕೋವಿ ಹಿರಿದು. ನಾಲ್ಕರ ಕೋವಿಯ ಗುಂಡು ಲೆಕ್ಕದಂತೆ ಕಾಲು ಪೌಂಡು ತೂಗಬೇಕು. ರೈಫಲ್ಲುಗಳಿಗಾದರೋ ಅಂಗುಲದ ದಶಾಂಶದಲ್ಲಿ ಹೆಸರಿಡುವ ವಾಡಿಕೆ. ನೋಡುವುದಕ್ಕೆ ಇದೂ ಅನ್ವರ್ಥವೇ. ಅಳೆದು ನೋಡಿದರೆ ಅಲ್ಲ. ಇಂಗ್ಲಿಷ್ ಸೈನ್ಯದ .೩೦೩ ತೋಟೆಯ ಗುಂಡಿನ ವ್ಯಾಸವು .೩೧೧ ಅಂಗುಲ. ನಳಿಕೆಯೊಳಗೆ ಸುರುಳಿಯಾಗಿ ಕೊರೆದ ಗೀರುಗಳ ನಡುವಣ ದಿಣ್ಣೆಗಳ ಅಳತೆಯನ್ನು ಹೆಸರಿಗೆ ತೆಗೆದುಕೊಂಡರು. ಗುಂಡು ಗೀರುಗಳನ್ನೂ ತುಂಬಬೇಕಾದುದರಿಂದ ಸ್ವಲ್ಪ ದಪ್ಪವಾಗಿದೆ. ಇಷ್ಟಾದರೆ ಸಮಾಧಾನವುಂಟು. ವೆಸ್ಟ್ಲಿ ರಿಚರ್ಡ್ಸರ .೩೧೮ರ ಗುಂಡು .೩೩೦ ಅಂಗುಲವಿದೆ. ಜೆಫ್ರಿಯವರ .೪೦೪ರ ಗುಂಡು ಸುಮಾರು .೪೨೨ ಅಂಗುಲ; ಆಂಡರ್ಸನ್ನರ .೪೦೫ರ ಗುಂಡು ಸುಮಾರು .೪೧೧. ಅಂದರೆ .೪೦೫ಕ್ಕಿಂತ .೪೦೪ ದಪ್ಪ! ಅನ್ವರ್ಥದ ವೇಷವನ್ನು ತೊಟ್ಟ ರೂಢನಾಮಗಳು ಇವು. ಬಲದ ವಿಷಯದಲ್ಲಿಯಾದರೂ ಅಂಕೆಯನ್ನು ನಂಬಬಹುದೇ ಎಂದರೆ, ಅದೂ ಇಲ್ಲ. ಹಾಲೆಂಡ್ ಮತ್ತು ಹಾಲೆಂಡರು ೧೯೧೨ರಲ್ಲಿ ಹೊರಡಿಸಿದ .೩೭೫ ತೋಟೆಯು .೪೦೫ಕ್ಕಿಂತ ಬಹಳ ಬಲವುಳ್ಳದ್ದು.

ಅಂಕಿತನಾಮಗಳೂ ಉಂಟು. ಅಮೆರಿಕದ .೩೦-೦೬ ಎಂಬುದರಲ್ಲಿ ಎರಡನೆಯ ಅಂಕೆ ೧೯೦೬ನೆಯ ಇಸವಿಯನ್ನು ಸೂಚಿಸುವುದು. ಆದರೆ .೩೦-೩೦ ಎಂಬಲ್ಲಿ ಎರಡನೆಯ ಮೂವತ್ತು ಮದ್ದಿನ ತೂಕವೇ ಹೊರತು ಇಸವಿಯಲ್ಲ. ಇಂಗ್ಲೆಂಡಿನವರ .೫೭೭/.೪೫೦ ಎಂಬುದಕ್ಕೆ, .೫೭೭ರ ಕೋಶದ ಕೊರಳನ್ನು .೪೫೦ರ ಗುಂಡಿಗೆ ತಕ್ಕಂತೆ ಕಿರಿದುಮಾಡಿದ್ದು ಎಂದರ್ಥ. ಸಮಾಸದಲ್ಲಿ ಪೂರ್ವಪದವು ತಂದೆ, ಉತ್ತರಪದವು ಮಗ ಎಂದು ನೆನಪಿಟ್ಟುಕೊಳ್ಳಬಹುದು. ಈ ಕೊನೆಯ ತೋಟೆಯ ಹೆಸರು ಮುಂದೆ ಮತ್ತೆ ಬರಲಿದೆ.

ಇನ್ನು ಪ್ರಸಿದ್ಧಿಯ ವಿಚಾರ. ಕಾಲಕಾಲಕ್ಕೆ ಒಂದು ತೋಟೆ ಹಿಂದಾಗಿ ಇನ್ನೊಂದು ಮುಂದಾದುದಕ್ಕೆ ಗುಣಾಧಿಕ್ಯವೇ ಕಾರಣವೆಂಬುದು ಪೂರ್ವಪಕ್ಷ. ಇದು ಪೂರ್ತಿ ತಳ್ಳಿಹಾಕತಕ್ಕುದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಮೈಸೂರಿನ ಕಾಡುಗಳಲ್ಲಿ ಆನೆಗಳ ಖೆಡ್ಡಾವನ್ನು ನಡೆಸಿದ ಜಿ. ಪಿ. ಸ್ಯಾಂಡರ್ಸನ್ನರು ತಮ್ಮ ಗ್ರಂಥವನ್ನು ಪ್ರಕಟಿಸಿದುದು ೧೮೭೮ರಲ್ಲಿ. ಆನೆ ಮತ್ತು ಕಾಟಿಗಳಿಗೆ ಅವರು ನೆಚ್ಚಿದುದು ನಾಲ್ಕರ ಮತ್ತು ಎಂಟರ ಭಾರಿ ಕೋವಿಗಳನ್ನು. ಕರಿಮದ್ದಿನಿಂದ ಗುಂಡಿಗೆ ಬರುವ ವೇಗಕ್ಕೆ ಒಂದು ಮಿತಿ ಇದ್ದುದರಿಂದ ಬಲವನ್ನು ಹೆಚ್ಚಿಸಬೇಕಾದರೆ ಗುಂಡಿನ ತೂಕವನ್ನೇ ಹೆಚ್ಚಿಸಬೇಕಾಗಿತ್ತು. ಈಡು ಹೊಡೆದೊಡನೆ ಎದ್ದ ಹೊಗೆ ಮುಂದಿರುವ ಮೃಗವನ್ನೇ ಮುಚ್ಚುತ್ತಿತ್ತು. ೧೮೮೪ರಲ್ಲಿ ಫ್ರಾನ್ಸಿನ ಪಾಲ್ ವಿಯೇಯ್ ಎಂಬ ರಸಾಯನಶಾಸ್ತ್ರಜ್ಞನು ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದನು, ೧೮೮೬ರಲ್ಲಿ ಆ ದೇಶದ ಸೈನ್ಯಕ್ಕೆ ಅದರ ತೋಟೆ ಬಂದಿತು, ೧೮೮೮ರಲ್ಲಿ ಹುಟ್ಟಿದ.೩೦೩ ತೋಟೆಯು ಮೊದಲು ಕರಿಮದ್ದಿನದಾಗಿದ್ದರೂ ಕೆಲವೇ ವರ್ಷಗಳಲ್ಲಿ ಕಾರ್ಡೈಟ್ ಎಂಬ ಹೊಸ ಮದ್ದಿಗೆ ತಿರುಗಿತು. ಈ ಮದ್ದನ್ನು ಆನೆಬೇಟೆಯ ಕೋವಿಗೆ ಅಳವಡಿಸಿ ಲಂಡನ್ನಿನ ರಿಗ್ಬಿಯವರು ೧೮೯೮ರಲ್ಲಿ .೪೫೦ ತೋಟೆಯನ್ನು ಹೊರಡಿಸಿದರು. ೪೮೦ ಗ್ರೇನ್ ತೂಕದ ಗುಂಡು ಸೆಕೆಂಡಿಗೆ ಸುಮಾರು ೨೧೫೦ ಅಡಿ ವೇಗದಲ್ಲಿ ಹೊರಡುತ್ತಿತ್ತು. ಇದರ ಮುಂದೆ ಸ್ಯಾಂಡರ್ಸನ್ನರ ಕಾಲದ ಫಿರಂಗಿಯಂಥ ಕೋವಿಗಳು ಕೆಲವೇ ವರ್ಷಗಳಲ್ಲಿ ಗೋಡೆಯ ಅಲಂಕಾರಗಳಾದವು. ಇಲ್ಲಿ ಗೆದ್ದುದು ಗುಣವೇ, ಸಂದೇಹವಿಲ್ಲ.

ಆದರೆ ಹತ್ತು ವರ್ಷಗಳೊಳಗಾಗಿ ಈ .೪೫೦ ತಾನೇ ಹಿಂದುಳಿಯಿತು. ಅದಕ್ಕಿಂತ ಉತ್ತಮವಾದುದು ಬಂದಿತೇ? ಬರಲಿಲ್ಲ. ಭಾರತದಲ್ಲಿಯೂ ಸೂಡಾನಿನಲ್ಲಿಯೂ ಪ್ರಜೆಗಳ ದಂಗೆಗೆ ಹೆದರಿದ ಬ್ರಿಟಿಷ್ ಸರ್ಕಾರವು ೧೯೦೭ರಲ್ಲಿ .೪೫೦ ಅಳತೆಯ ತೋಟೆಗಳನ್ನು ಖಾಸಗಿಯವರು ಆ ದೇಶಗಳಿಗೆ ತರಿಸಕೂಡದೆಂದು ಆಜ್ಞೆ ಮಾಡಿತು. ಹಿಂದೆ ಸೈನ್ಯದಲ್ಲಿದ್ದ ಮಾರ್ಟಿನಿ-ಹೆನ್ರಿ ರೈಫಲ್ಲುಗಳು ಅಲ್ಲಲ್ಲಿ ಪ್ರಜೆಗಳ ಕೈಸೇರಿದ್ದವು. ಅವುಗಳ ತೋಟೆಯೇ ಮೇಲೆ ಹೇಳಿದ.೫೭೭/.೪೫೦. ಬೇಟೆಗಾರನ .೪೫೦ ತೋಟೆಯನ್ನು ಬಿಚ್ಚಿದರೆ ಅದರ ಗುಂಡು ದಂಗೆಯವನ ಮಾರ್ಟಿನಿ-ಹೆನ್ರಿಗೆ ಉಪಯೋಗವಾದೀತೆಂಬುದು ಅಧಿಕಾರಿಗಳ ಭಯ. ಲಂಡನ್ನಿನ ಕೋವಿಗಾರರಿಗೆ ಭಾರತವೇ ದೊಡ್ಡ ಸಂತೆ. ಅವರು ಆಜ್ಞೆಯ ಅಕ್ಷರವನ್ನು ಹಿಡಿದು, .೪೫೦ ಅಲ್ಲದ ಹೊಸ ತೋಟೆಗಳನ್ನು ಮಾಡಿದರು. ಜೋಸೆಫ್ ಲಾಂಗ್ .೪೭೦ನ್ನೂ, ಹಾಲೆಂಡ್ ಮತ್ತು ಹಾಲೆಂಡರು .೪೬೫ನ್ನೂ, ಜೆಫ್ರಿಯವರು .೪೭೫ರ ಎರಡನೆಯ ನಂಬರನ್ನೂ, ವೆಸ್ಟ್ಲಿ ರಿಚರ್ಡ್ಸರು .೪೭೬ನ್ನೂ ಹೊರಡಿಸಿದರು. ಇವುಗಳ ಬಲಾಬಲವನ್ನು ನೋಡಿ: .೪೬೫ರ ಗುಂಡು .೪೫೦ರದರಂತೆಯೇ ೪೮೦ ಗ್ರೇನ್, ವೇಗವೂ ಅದೇ ೨೧೫೦ ಅಡಿ. .೪೭೦ರ ಗುಂಡು ೫೦೦ ಗ್ರೇನ್, ವೇಗ ಅದೇ. ಇಪ್ಪತ್ತು ಗ್ರೇನ್ ಎಂದರೆ ಸುಮಾರು ಹತ್ತು ಗುಲಗಂಜಿಯಷ್ಟು ಭಾರ. ಆನೆಗೆ ಅದು ತಿಳಿಯುವಂತಿರಲಿಲ್ಲ. ಮುಂದೆ ನಿಷೇಧವು ತೆರವಾಯಿತು, ಆದರೂ.೪೫೦ ತನ್ನ ಹಿಂದಿನ ಸ್ಥಾನಕ್ಕೆ ಬರಲಿಲ್ಲ. ಅಷ್ಟರಲ್ಲಿ ಜನರ ಕೈಯಲ್ಲಿ .೪೭೦, .೪೬೫ ಕೋವಿಗಳಿದ್ದವು, ಅಂಗಡಿಗಳಲ್ಲಿ ಅವುಗಳ ತೋಟೆಗಳಿದ್ದವು.

ಒಂದೇ ಬಲದ ಈ ಸೋದರರ ಪೈಕಿ .೪೭೦ ಒಂದೇ ಹೆಚ್ಚು ಪ್ರಸಿದ್ಧವಾಗಿ ಇಂದಿಗೂ ಉಳಿದಿರುವುದೇಕೆ? ಲಾಂಗನು ತನ್ನ ತೋಟೆಯನ್ನು ತನ್ನೊಬ್ಬನ ಸೊತ್ತಾಗಿ ಇಟ್ಟುಕೊಳ್ಳದೆ ಎಲ್ಲ ಕೋವಿಗಾರರಿಗೂ ಬಿಟ್ಟುಕೊಟ್ಟನು. ಹಾಲೆಂಡರ .೪೬೫ ಹಾಲೆಂಡರದಾಗಿಯೂ ವೆಸ್ಟ್ಲಿಯವರ .೪೭೬ ವೆಸ್ಟ್ಲಿಯವರದಾಗಿಯೂ ಉಳಿದವು. ಹತ್ತೂರುಗಳಲ್ಲಿ ಪ್ರತಿಯಾದ ಓಲೆಗ್ರಂಥಕ್ಕೂ ಒಂದೇ ಮಠದ ಭಂಡಾರದಲ್ಲಿ ಕಾಪಾಡಲ್ಪಟ್ಟ ಗ್ರಂಥಕ್ಕೂ ಕೊನೆಗೆ ಆಗುವ ಗತಿಭೇದವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅದೇ ೧೯೦೭ರಲ್ಲಿ ಕಾರ್ಬೆಟ್ಟರು ಚಂಪಾವತದ ನರಭಕ್ಷಕ ಹೆಣ್ಣು ಹುಲಿಯನ್ನು ಕೊಂದರು. ಅದರ ಮನ್ನಣೆಯಾಗಿ ಅವರಿಗೆ ಸಂಯುಕ್ತಪ್ರಾಂತದ ಲೆಫ್ಟೆನೆಂಟ್ ಗವರ್ನರಾಗಿದ್ದ ಸರ್ ಜಾನ್ ಹ್ಯೂಯೆಟ್ಟರಿಂದ ದೊರೆತುದು ರಿಗ್ಬಿಯವರ .೨೭೫ ರೈಫಲ್. ೧೯೨೬ರಲ್ಲಿ ರುದ್ರಪ್ರಯಾಗದ ಚಿರತೆಯನ್ನು ಕೊಂದುದೂ ಇದರಿಂದಲೇ. ಈ .೨೭೫ರ ವಂಶವನ್ನು ಕೇಳಿದರೆ ಆಶ್ಚರ್ಯವಾಗುವುದು. ಇದು ಇಂಗ್ಲಿಷರ ತೋಟೆಯೇ ಅಲ್ಲ. ಜರ್ಮನಿಯ ಮೌಸರ್ ಕಾರ್ಖಾನೆಯವರು ೧೮೯೨ರಲ್ಲಿ ಮಾಡಿದ ೭ ಮಿಲಿಮೀಟರಿನ ತೋಟೆ ಇದು. ೧೮೯೯ರಿಂದ ೧೯೦೨ರ ವರೆಗೆ ದಕ್ಷಿಣ ಆಫ್ರಿಕದಲ್ಲಿ ಬೋಯರರು ಇಂಗ್ಲಿಷ್ ಸೈನ್ಯವನ್ನು ದೂರದಿಂದಲೇ ಕಂಗೆಡಿಸಿದುದು ಇದರಿಂದ. ಮೌಸರ್ ರೈಫಲ್ಲುಗಳನ್ನು ಲಂಡನ್ನಿಗೆ ತರಿಸಿ ಮಾರುತ್ತಿದ್ದ ರಿಗ್ಬಿಯವರು ೭ ಮಿಲಿಮೀಟರನ್ನು ಅಂಗುಲಕ್ಕೆ ತಿರುಗಿಸಿ .೨೭೫ ಎಂದು ಹೆಸರಿಟ್ಟರು. ಶತ್ರುವಿನ ತೋಟೆಯು ಭಾಷಾಂತರವಾದ ಮೇಲೆ ಸಭ್ಯರ ಬೇಟೆಗೆ ಯೋಗ್ಯವಾಯಿತು. ಕೃಶವಾದ ಈ ತೋಟೆ ಹುಲಿ ಚಿರತೆಗಳಿಗೆ ಸಾಲದೆಂದು ವಾದಿಸುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಕಾರ್ಬೆಟ್ಟರೂ ಎಲ್ಲ ಸಂದರ್ಭಗಳಲ್ಲಿ ಅದೊಂದನ್ನೇ ಹಿಡಿದವರಲ್ಲ, ಭಾರವಾದ ಜೋಡುನಳಿಗೆಯನ್ನೂ ಬಳಸಿದ್ದಾರೆ. ಆದರೆ ೧೯೪೪ರಲ್ಲಿ ಅವರ ಕುಮಾಊಂ ನರಭಕ್ಷಕರ ಗ್ರಂಥವು ಪ್ರಕಟವಾದ ಮೇಲೆ .೨೭೫ಕ್ಕೆ ಬಂದ ಕೀರ್ತಿಯನ್ನು ತಕ್ಕಡಿಯಲ್ಲಿ ತೂಗಲಾಗದು. ಅವರ ತರುವಾಯ ಆ ರೈಫಲ್ ಬಹುಕಾಲ ಅವರ ಗ್ರಂಥಗಳನ್ನು ಪ್ರಕಟಿಸಿದ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನವರ ವಶದಲ್ಲಿದ್ದು, ೨೦೧೫ರಲ್ಲಿ ಮತ್ತೆ ರಿಗ್ಬಿಯವರ ಕೈಸೇರಿತು. ಕೋವಿಯೊಂದು ಗ್ರಂಥಪ್ರಕಾಶಕರ ಮನೆಯಲ್ಲಿ ವಾನಪ್ರಸ್ಥವನ್ನು ಕಳೆದುದು ಅಪೂರ್ವ ಸಂಗತಿ.

ಆಂಡರ್ಸನ್ನರ .೪೦೫ರ ಕಥೆಯೂ ಲೇಖನಿಯ ಕಥೆಯೇ. ಅಮೆರಿಕದ ವಿಂಚೆಸ್ಟರ್ ಕಂಪನಿಯವರು ೧೯೦೪ರಲ್ಲಿ ಹೊರಡಿಸಿದ ಈ ತೋಟೆಯನ್ನು ೧೯೦೯ರಲ್ಲಿ ಥಿಯೊಡೊರ್ ರೂಸ್‌ವೆಲ್ಟರು ಆಫ್ರಿಕಕ್ಕೆ ಕೊಂಡೊಯ್ದು ಸಿಂಹಗಳ ಮೇಲೆ ಪ್ರಯೋಗಿಸಿ ಹೊಗಳಿ ಬರೆದರು. ಅಧ್ಯಕ್ಷ ಪದವಿಯಿಂದ ಇಳಿದವರ ಮಾತಿಗೆ ಬೆಲೆ ಬಾರದಿರುವುದೇ? ೧೯೩೦ರ ದಶಕದಲ್ಲಿ ಕಂಪನಿಯವರು ಆ ತೋಟೆಗೆ ಕೋವಿ ಮಾಡುವುದನ್ನು ಬಿಟ್ಟರು. ಬೆಂಗಳೂರಿನಲ್ಲಿದ್ದ ಆಂಡರ್ಸನ್ನರು ಮಾತ್ರ ಬಿಡಲಿಲ್ಲ. ತನ್ನ ನಾಡಿನಲ್ಲಿ ಹಳತಾದ ತೋಟೆಯು ಸೇಲಂ, ಕೊಯಮತ್ತೂರು, ಶಿವಮೊಗ್ಗೆಗಳ ಕಾಡುಗಳಲ್ಲಿ ಅವರ ಕೈಯಲ್ಲಿ ಉಳಿದು, ಈಗ ಶ್ರೀ ಪೂರ್ಣಚಂದ್ರ ತೇಜಸ್ವಿಯವರ ಅನುವಾದಗಳ ಮೂಲಕ ಕನ್ನಡದ ಮಕ್ಕಳಿಗೂ ಪರಿಚಿತರಾದ ಬೇಟೆಗಾರರ ಗುರುತಾಗಿದೆ.

ಸರ್ಕಾರದ ಆಜ್ಞೆಯಿದ್ದ ಕಡೆ ಹೀಗಾದುದು ಸಹಜವೆಂದೂ, ಸ್ವತಂತ್ರವಾದ ಸಂತೆಯಲ್ಲಿ ಗುಣಕ್ಕೇ ಜಯವೆಂದೂ ಒಬ್ಬರು ಆಕ್ಷೇಪಿಸಬಹುದು. ಕೋವಿಗೆ ಹೆಚ್ಚಿನ ಕಟ್ಟುಪಾಡಿಲ್ಲದ ಅಮೆರಿಕದಿಂದಲೇ ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ೧೯೫೫ರಲ್ಲಿ ಆ ದೇಶದ ಎರಡು ದೊಡ್ಡ ಕಂಪನಿಗಳು ಒಂದೇ ದಪ್ಪದ ಗುಂಡಿಗಾಗಿ ಎರಡು ತೋಟೆಗಳನ್ನು ಹೊರಡಿಸಿದವು: ವಿಂಚೆಸ್ಟರಿನವರದು .೨೪೩, ರೆಮಿಂಗ್ಟನ್ನಿನವರದು .೨೪೪. ಎರಡನೆಯದರ ಕೋಶವು ಅದೇ ೭ ಮಿಲಿಮೀಟರ್ ಮೌಸರಿನ ಮೊಮ್ಮಗ, ಮದ್ದು ಹಿಡಿಸುವುದರಲ್ಲಿ.೨೪೩ಕ್ಕಿಂತ ಕೊಂಚ ಹೆಚ್ಚೇ. ಆದರೂ ಸೋತುದು ಅದೇ. ಕಾರಣವು ತೋಟೆಯಲ್ಲಿರಲಿಲ್ಲ, ನಳಿಕೆಯಲ್ಲಿತ್ತು. ನಳಿಕೆಯೊಳಗಿನ ಸುರುಳಿಗೀರು ಗುಂಡನ್ನು ಬುಗುರಿಯಂತೆ ತಿರುಗಿಸಿ ನೆಟ್ಟಗಿಡುವುದು. ಗುಂಡು ಉದ್ದವಾದಷ್ಟೂ ಸುರುಳಿ ಬಿಗಿಯಾಗಿರಬೇಕು. ರೆಮಿಂಗ್ಟನ್ನಿನವರು ನರಿ ಮುಂತಾದ ಸಣ್ಣ ಪ್ರಾಣಿಗಳ ಬೇಟೆಗೆಂದು ೧೨ ಅಂಗುಲಕ್ಕೊಂದು ಸುತ್ತಿನ ಸಡಿಲ ಸುರುಳಿಯನ್ನು ಕೊರೆದರು. ವಿಂಚೆಸ್ಟರಿನವರದು ೧೦ ಅಂಗುಲಕ್ಕೊಂದು ಸುತ್ತು. ಜಿಂಕೆಯ ಬೇಟೆಗೆ ೧೦೦ ಗ್ರೇನಿನ ಉದ್ದ ಗುಂಡನ್ನು ಬಯಸಿದವರು .೨೪೩ನ್ನೇ ಕೊಂಡರು. ೧೯೬೩ರಲ್ಲಿ ರೆಮಿಂಗ್ಟನ್ನಿನವರು ಸುರುಳಿಯನ್ನು ಬಿಗಿಮಾಡಿ, ಹೆಸರನ್ನೂ ೬ ಮಿಲಿಮೀಟರ್ ಎಂದು ಬದಲಾಯಿಸಿದರು. ದೋಷ ಪರಿಹಾರವಾಯಿತು, ನಾಮಕರಣವೂ ಆಯಿತು. ಎಂಟು ವರ್ಷಗಳ ಅಪಕೀರ್ತಿ ಮಾತ್ರ ಹೋಗಲಿಲ್ಲ.

ಲೇಖನಿಯ ಮಹಿಮೆಯೂ ಅಲ್ಲಿ ಕಡಮೆಯಲ್ಲ. ೧೯೨೫ರಲ್ಲಿ ಹುಟ್ಟಿದ .೨೭೦ ತೋಟೆಯನ್ನು ದಶಕಗಳ ಕಾಲ ಪತ್ರಿಕೆಗಳಲ್ಲಿ ಕೊಂಡಾಡಿ ಮನೆಮಾತು ಮಾಡಿದ ಜ್ಯಾಕ್ ಓಕಾನರನು ಅರಿಜೋನಾ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾಗಿದ್ದವನು, ಕಾದಂಬರಿಗಳನ್ನೂ ಬರೆದವನು. ನಮ್ಮ ವೃತ್ತಿಯವರ ಪ್ರಭಾವವು ಎಲ್ಲೆಲ್ಲಿ ನುಸುಳುವುದೋ ಹೇಳಲಾಗದು.

ಗುರಿಹೊಡೆಯುವವರ ವಿಷಯವು ಸ್ವಲ್ಪ ಬೇರೆ. ಅವರಿಗೆ ಮೃಗದ ಭಯವಿಲ್ಲ. ಕಾಗದದ ಮೇಲಿನ ಕಪ್ಪು ಚುಕ್ಕೆ ಎದುರಿಗೆ ಬಂದು ಮೇಲೆರಗುವುದಿಲ್ಲ. ಆದುದರಿಂದ ಇಲ್ಲಿ ಗುಣವೇ ಪ್ರಧಾನವಾಗಬೇಕಿತ್ತು. ಆದರೆ ಇಂಗ್ಲೆಂಡಿನ ಬಿಸ್ಲಿ ಮೈದಾನದಲ್ಲಿ ನಡೆಯುವ ದೂರದ ಗುರಿಯ ಸ್ಪರ್ಧೆಗಳು ಹುಟ್ಟಿದುದೇ ಪ್ರಜೆಗಳನ್ನು ಸೈನಿಕರಂತೆ ತರಬೇತಿಗೊಳಿಸುವುದಕ್ಕಾಗಿ. ಅಲ್ಲಿ ಸೈನ್ಯದ ತೋಟೆಯೇ ಸ್ಪರ್ಧೆಯ ತೋಟೆ. ಹಲವು ದಶಕ .೩೦೩ ಆಳಿತು. ಸೈನ್ಯವು ೭.೬೨ ಮಿಲಿಮೀಟರಿಗೆ ತಿರುಗಿದ ಮೇಲೆ ೧೯೬೦ರ ದಶಕದ ಕೊನೆಯ ಹೊತ್ತಿಗೆ ಬಿಸ್ಲಿಯೂ ತಿರುಗಿತು. ಇತ್ತೀಚೆಗೆ ಮಾತ್ರ ಸೈನ್ಯದ ಹಂಗಿಲ್ಲದೆ, ದೂರದ ಗುರಿಗೆಂದೇ ಲೆಕ್ಕಹಾಕಿ ಮಾಡಿದ ೬.೫ ಕ್ರೀಡ್‌ಮೂರ್ ಎಂಬ ತೋಟೆ ೨೦೦೭ರಲ್ಲಿ ಬಂದು ಬಹುಬೇಗ ಹರಡಿದೆ. ಇದನ್ನು ಪೂರ್ವಪಕ್ಷದವರ ಲೆಕ್ಕಕ್ಕೆ ಧಾರಾಳವಾಗಿ ಸೇರಿಸಿಕೊಡುತ್ತೇನೆ. ಇವೆಲ್ಲದರ ಕೆಳಗೆ ೧೮೮೭ರಿಂದಲೂ ಅಲುಗದೆ ನಿಂತಿರುವುದು .೨೨ ಎಂಬ ಪುಟ್ಟ ತೋಟೆ. ೨೦೨೪ರಲ್ಲಿ ಪ್ಯಾರಿಸ್ಸಿನ ಒಲಿಂಪಿಕ್ಸಿನಲ್ಲಿ ಕೊಲ್ಲಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆಯವರು ೫೦ ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಕಂಚಿನ ಪದಕವನ್ನು ಪಡೆದುದು ಈ ಅಳತೆಯ ತೋಟೆಯಿಂದ.

ಕೊನೆಯದಾಗಿ ನಮ್ಮ ದೇಶದ ತೋಟೆಯೆಂದೇ ಹೇಳಬಹುದಾದ .೩೧೫. ಸೈನ್ಯದ .೩೦೩ ಖಾಸಗಿ ಪ್ರಜೆಗಳಿಗೆ ನಿಷಿದ್ಧವಾದುದರಿಂದ ಅದರ ಬದಲಿಗೆ ಇದು ಬಳಕೆಗೆ ಬಂದಿತು. ಹೆಸರನ್ನು ನೋಡಿದರೆ .೩೦೩ರ ತಮ್ಮನೆನ್ನಿಸುವುದು, ವಾಸ್ತವವಾಗಿ ಆಸ್ಟ್ರಿಯದ ಮಾನ್ಲಿಕರ್ ರೈಫಲ್ಲಿನ ೮ ಮಿಲಿಮೀಟರಿನ ತೋಟೆ ಇದು. ಎಂಟು ಮಿಲಿಮೀಟರನ್ನು ಅಂಗುಲಕ್ಕೆ ತಿರುಗಿಸಿ ನೋಡಿರಿ, .೩೧೫ ಬರುವುದು; .೨೭೫ರಂತೆ ಇದೂ ಒಂದು ಭಾಷಾಂತರ. ತನ್ನ ತೌರಿನಲ್ಲಿ ಎಂದೋ ಮರೆತುಹೋದ ಈ ತೋಟೆಗೆ ಬಂಗಾಳದ ಈಶಾಪುರದ ಸರ್ಕಾರೀ ಕಾರ್ಖಾನೆಯವರು ರೈಫಲ್ಲುಗಳನ್ನು ಮಾಡಿ ದೇಶಕ್ಕೆಲ್ಲ ಹಂಚಿದರು. ಇತ್ತ ೧೯೬೦ರ ದಶಕದಲ್ಲಿ ಇಂಗ್ಲೆಂಡಿನ ಕೈನಾಕ್ ಕಾರ್ಖಾನೆಯವರು .೪೭೦, .೪೬೫ ಮೊದಲಾದ ಭಾರಿ ತೋಟೆಗಳ ತಯಾರಿಕೆಯನ್ನು ನಿಲ್ಲಿಸಿದರು. ಸಂಸ್ಥಾನಗಳು ಹೋಗಿದ್ದವು, ಆಫ್ರಿಕದ ವಸಾಹತುಗಳೂ ಒಂದೊಂದಾಗಿ ಹೋಗುತ್ತಿದ್ದವು, ಕೊಳ್ಳುವವರು ಯಾರು? ಸಾವಿರಾರು ರೂಪಾಯಿ ಬೆಲೆಬಾಳುವ ಜೋಡುನಳಿಗೆಗಳು ತೋಟೆಯಿಲ್ಲದೆ ಮೂಕವಾದವು. ೧೯೯೦ರ ದಶಕದಲ್ಲಿ ಕೈನಾಕ್ ಹೆಸರಿನ ತೋಟೆಗಳು ಇಂಗ್ಲೆಂಡಿನಲ್ಲಿ ಮತ್ತೆ ತಯಾರಾಗತೊಡಗಿದರೂ ಅಷ್ಟರಲ್ಲಿ ಇಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನವು ಬೇಟೆಯನ್ನೇ ನಿಲ್ಲಿಸಿತ್ತು. ಕಾಡಿನಿಂದ ಹೊರಬಂದ .೩೧೫ ಬೆಳೆಯ ಕಾವಲು, ಮನೆಯ ಕಾವಲುಗಳ ಕೋವಿಯಾಯಿತು. ಮೃಗವಿಲ್ಲದ ಮೃಗಯಾಶಸ್ತ್ರ.

ಕೋವಿಯ ಬಳಕೆಯು ವಿನೋದವಾಗಿಯೂ ಆಚಾರವಾಗಿಯೂ ಕನ್ನಡನಾಡಿನಲ್ಲಿ ಉಳಿದಿರುವುದು ಕೊಡಗಿನಲ್ಲಿ. ಅಲ್ಲಿಯ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದಿದ್ದು, ೨೦೧೯ರಲ್ಲಿ ಕೇಂದ್ರ ಸರ್ಕಾರವು ಅದನ್ನು ೨೦೨೯ರ ವರೆಗೆ ಮುಂದುವರಿಸಿತು. ಕೈಲ್‌ಪೋಳ್ದ್ ಹಬ್ಬದಲ್ಲಿ ತೋಕನ್ನು, ಎಂದರೆ ಕೋವಿಯನ್ನು, ಹೂವಿಟ್ಟು ಪೂಜಿಸಿ, ಅನಂತರ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯವನ್ನು ನಡೆಸುವರು. ಅಲ್ಲಿ .೪೭೦ ಇಲ್ಲ, .೨೭೫ ಇಲ್ಲ. ಪಂದ್ಯದಲ್ಲಿ ಕರೆಯುವುದು .೨೨ ರೈಫಲ್ಲಿನವರನ್ನು, ಅವರಾದ ಮೇಲೆ, ಒಂದು ಪೌಂಡು ಸೀಸದ ಲೆಕ್ಕವನ್ನು ಹೆಸರಿನಲ್ಲಿ ಹೊತ್ತುಕೊಂಡಿರುವ ಹನ್ನೆರಡರ ಕೋವಿಯವರನ್ನು.